ಕೊಯ್ಯುವಷ್ಟು ಜಡ್ಡಲ್ಲ

ಫಕ್ಕೀರವ್ವ: ಇವತ್ತ ಯಾವ ರೋಗ ತಂದೀರಿ ಸಾವಕಾರ್ರ?

ಮುದಕಪ್ಪ: ನಾ ಎಲ್ಲಿಂದ ತರಲಿ? ರೋಗ ನಿಮ್ಮ ಹಿತ್ತಲದಾಗ ಐತಿ. ನಾ ಬರೇ ಹೆಸರು ತಂದೇನಿ.

ಫಕ್ಕೀರವ್ವ: ಖರೇ ಹೆಸರು ತಂದಿದ್ರ ನೆನಿ ಹಾಕಿ ಪಲ್ಯಾ ಮಾಡತಿದ್ದೆ. ಜಲ್ಮಾನೆಲ್ಲಾ ಕಾಳಿನ ವ್ಯಾಪಾರ ಮಾಡಿದವರು. ಒಂದ ದಿನಾನರೆ ತಿನ್ನೂ ಹೆಸರು ತಂದೀರೇನು?

ಮುದಕಪ್ಪ: ಚ್ಯಾಷ್ಟಿ ಆಮ್ಯಾಲೆ. ಮೊದಲ ಆ ಕರೀ ಕೋಳಿನ್ನ ನೋಡ್ರಿ. ಬಾಯಿ ತಕ್ಕೊಂಡು ತೇಕಾಕತ್ತೈತಿ. ರೆಕ್ಕಿ ಎರಡೂ ಕಡೆ ಬಿಚ್ಚಿ ನಿಂತೈತಿ. ಇದಕ್ಕ ಉಸರಾಟದ ತೊಂದ್ರಿ ಅಂತಾರ.

ಫಕ್ಕೀರವ್ವ: ಇದಕ್ಕ ಬಿಸಲು ಅಂತಾರ. ನೀವೂ ಈಗ ಬಾಯಿ ತಕ್ಕೊಂಡ ಬಂದ್ರಿ. ಪ್ಯಾಟಿಯಿಂದ ಛತ್ರಿ ಇಲ್ಲದ ನಡಕೋತ ಬಂದ್ರ ಯಾರಿಗರೆ ತೇಕು ಬರತೈತಿ. ನಿಮಗ ಬೆವರರೆ ಐತಿ. ಅದಕ್ಕ ಬೆವರಿಲ್ಲ. ಬಾಯಿಲೆ ಬೆವರತೈತಿ.

ಮುಂಡರಗಿಯ ಊರಂಚಿನ ಹಿತ್ತಿಲು ಅದು. ಬೇವಿನ ಮರದ ಕೆಳಗೆ ನಿಂತರೆ ಒಂದು ಕಡೆ ಕಪ್ಪತಗುಡ್ಡ, ಇನ್ನೊಂದು ಕಡೆ ಬಸ್ಸಿನ ದಾರಿ ಕಾಣುತ್ತದೆ. ಮುದಕಪ್ಪ ಪೇಟೆಯಲ್ಲಿ ಕಾಳಿನ ಅಂಗಡಿ ಇಟ್ಟಿದ್ದವನು. ಈಗ ಗಾದಿಯ ಮೇಲೆ ಮಗ ಮೌನೇಶ ಕೂರುತ್ತಾನೆ. ಫಕ್ಕೀರವ್ವನ ಗಂಡ ಹುಚ್ಚಪ್ಪ, ಮುದಕಪ್ಪನ ಶಾಲೆಯ ಗೆಳೆಯ. ಅಂಗಡಿಯ ಬಾಗಿಲು ಹಾಕಿದ ಮೇಲೆ ಮುದಕಪ್ಪ ಮನೆಗೆ ಹೋಗುವ ಬದಲು ಈ ಹಿತ್ತಿಲಿಗೆ ಬರುತ್ತಿದ್ದ. ಇಬ್ಬರೂ ಕತ್ತಲಾಗುವ ತನಕ ಏನೋ ಮಾತಾಡುತ್ತಿದ್ದರು. ಏನು ಮಾತಾಡಿದಿರಿ ಎಂದು ಕೇಳಿದರೆ ಇಬ್ಬರಿಗೂ ನೆನಪಿರುತ್ತಿರಲಿಲ್ಲ.

ಹೋದ ಹಿಂಗಾರಿಯಲ್ಲಿ ಹುಚ್ಚಪ್ಪ ತೀರಿಕೊಂಡ. ಅವನು ಇದ್ದಾಗ ಬರುವುದಕ್ಕೆ ಕಾರಣ ಬೇಕಿರಲಿಲ್ಲ. ಅವನು ಹೋದ ಮೇಲೆ ಕಾರಣವಿಲ್ಲದೆ ಬರುವಂತಿರಲಿಲ್ಲ. ಗಂಡ ಸತ್ತ ಹೆಣ್ಣುಮಗಳ ಹಿತ್ತಿಲಲ್ಲಿ ದಿನಾ ಸಂಜೆ ಬಂದು ನಿಲ್ಲುವ ಗಂಡಸಿಗೆ ಓಣಿ ಏನನ್ನುತ್ತದೋ ಅದು ಬೇರೆ ಮಾತು. ಬಂದು ನಿಂತು ತಾನೇ ಏನನ್ನಬೇಕು ಎಂಬುದು ಮುದಕಪ್ಪನಿಗೆ ತಿಳಿಯಲಿಲ್ಲ. ಹಾಗಾಗಿ ಅವನು ಹುಚ್ಚಪ್ಪ ಬಿಟ್ಟುಹೋದ ಕೋಳಿಗಳನ್ನು ಹಿಡಿದುಕೊಂಡ. ಕೈಯಿಂದ ಅಲ್ಲ. ಅವನದು ತತ್ತಿಯ ನೆರಳೂ ಸೋಕದ ಮನೆತನ. ಕಣ್ಣಿನಿಂದ ಹಿಡಿದುಕೊಂಡ. ಪುಸ್ತಕ ಓದುವ ಚಟ ಮೊದಲೇ ಇತ್ತು. ಈಗ ಮೊಬೈಲ್‌ನಲ್ಲಿ ಕೋಳಿರೋಗಗಳನ್ನು ಓದಿಕೊಂಡು ದಿನಕ್ಕೊಂದು ಲಕ್ಷಣ ಹೊತ್ತುಕೊಂಡು ಬರತೊಡಗಿದ.

ಮುದಕಪ್ಪ: ಬಿಸಲು ಅಂತ ಇಟ್ಕೋರಿ. ಹಂಗಾರ ಆ ಬಿಳೀದರ ಪುಕ್ಕ ಯಾಕ ಉದರಾಕತ್ತಾವ? ಕುತಗಿ ಬೋಳಾಗೇತಿ.

ಫಕ್ಕೀರವ್ವ: ಹಳೇ ಅರಿವಿ ಕಳದು ಹೊಸಾವು ಹಾಕ್ಕೊಳ್ಳಾಕತ್ತೈತಿ. ವರ್ಷಾ ಹಿಂಗ ಮಾಡತೈತಿ. ನಿಮ್ಮ ತಲಿಯಂಗಲ್ಲ ಅದರದು. ಹೋದದ್ದು ತಿರಗಿ ಬರತೈತಿ.

ಮುದಕಪ್ಪ ಟೋಪಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡ.

ಮುದಕಪ್ಪ: ಕಲ್ಲು ತಿನ್ನೂದಕ್ಕ ಏನಂತೀರಿ? ನಾ ನಿಂತು ನೋಡೇನಿ. ಮುಂದ ಜ್ವಾಳ ಬಿದ್ದೈತಿ, ಅದನ್ನ ಬಿಟ್ಟು ಗರಸಿನ ಹರಳು ಆರಿಸಿ ನುಂಗತೈತಿ. ನಾ ಗಾದಿ ಮ್ಯಾಲೆ ಕುಂತು ಕಾಳಾಗಿನ ಕಲ್ಲು ಆರಿಸೇ ಮುದುಕ ಆದೆ. ಇದು ಕಾಳು ಬಿಟ್ಟು ಕಲ್ಲು ಆರಸತೈತಿ. ಇದಕ್ಕ ಬುದ್ಧಿ ಕೆಟ್ಟೈತಿ ಅನ್ನಲಾರದ ಏನನ್ನಬೇಕು?

ಫಕ್ಕೀರವ್ವ: ಹಲ್ಲಿಲ್ಲದ ಜೀವ. ಹೊಟ್ಟ್ಯಾಗ ಕಾಳು ಬೀಸಾಕ ಕಲ್ಲು ಬೇಕಲ್ರಿ. ನಿಮ್ಮ ಅಂಗಡಿ ಜ್ವಾಳದಾಗ ಕಲ್ಲು ಸಿಕ್ರ ನಮ್ಮ ಮನಿಯವರು ಏನಂತಿದ್ರು ಗೊತ್ತೈತೇನು? 'ಮುದ್ಯಾ ಶಾಣ್ಯಾ ಅದಾನ. ಕೋಳಿದೂ ಸೇರಿಸೇ ಕಳಿಸ್ಯಾನ' ಅಂತಿದ್ರು.

ಮುದಕಪ್ಪ ನಕ್ಕ. ತನ್ನನ್ನು ಮುದ್ಯಾ ಎಂದು ಕರೆಯುವವರು ಈಗ ಊರಿನಲ್ಲಿ ಯಾರೂ ಇಲ್ಲ. ಪೇಟೆಗೆಲ್ಲ ಸಾವಕಾರ, ಮನೆಯಲ್ಲಿ ಅಪ್ಪಾರು. ಹೆಂಡತಿ ಸುಮಿತ್ರವ್ವನಿಗೆ ಅವನು ಬರೀ 'ಇಲ್ಲಿ ಕೇಳ್ರಿ'.

ಫಕ್ಕೀರವ್ವ: ಮೊನ್ನಿ ಏನ ಮಾಡಿದ್ರಿ, ನೆನಪೈತಿ?

ಮುದಕಪ್ಪ: ಮೊನ್ನಿದು ಬಿಡ್ರಿ.

ಫಕ್ಕೀರವ್ವ: ಹೆಂಗ ಬಿಡಲಿ? ಓಣಿ ಮಂದಿ ಇನ್ನೂ ಬಿಟ್ಟಿಲ್ಲ.

ಮೊನ್ನೆ ಒಂದು ಕೋಳಿ ಬೂದಿಗುಂಡಿಯಲ್ಲಿ ಮಗ್ಗುಲಾಗಿ ಬಿದ್ದು, ಕಾಲು ಚಾಚಿ, ಕಣ್ಣು ಮುಚ್ಚಿ, ರೆಕ್ಕೆ ಪಟಪಟ ಬಡಿಯುತ್ತಿತ್ತು. ಮುದಕಪ್ಪನಿಗೆ ಅದು ಫಿಟ್ಸ್ ಎಂದು ಕಂಡಿತು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕೆಂದು ಚಿಕ್ಕಂದಿನಿಂದ ನೋಡಿದವನು. ಹಿಂದೆ ಮುಂದೆ ನೋಡದೆ ಸೊಂಟದಲ್ಲಿದ್ದ ಅಂಗಡಿಯ ಕೀಲಿಕೈ ಗೊಂಚಲನ್ನು ಬಿಚ್ಚಿ ಅದರ ಕಾಲಿನ ಬೆರಳುಗಳ ನಡುವೆ ತುರುಕಿದ್ದ. ಕೋಳಿ ಎದ್ದು, ಮೈ ಕೊಡವಿ, ಅವನ ಬಿಳಿ ಧೋತರಕ್ಕೆಲ್ಲ ಬೂದಿ ಎರಚಿ ಹೋಗಿತ್ತು.

ಮುದಕಪ್ಪ: ಕೀಲಿಕೈ ಹಿಡಿಸಿದ ಕೂಡ್ಲೆ ಎದ್ದು ನಿಂತಿತೋ ಇಲ್ಲೋ? ಅದನ್ನ ಹೇಳ್ರಿ.

ಫಕ್ಕೀರವ್ವ: ಜಳಕಾ ಮಾಡಾಕತ್ತಿತ್ತು ಅದು. ಮೈಯಾಗಿನ ಹೇನು ಹೋಗಲಿ ಅಂತ ಬೂದ್ಯಾಗ ಹೊರಳತಾವು. ಜಳಕದ ಹೊತ್ತಿನ್ಯಾಗ ಪರಗಂಡಸು ಬಂದು ಕೈಯಾಗ ಕೀಲಿಕೈ ಕೊಟ್ರ ಯಾರರೆ ಎದ್ದು ಓಡತಾರ.

ಮುದಕಪ್ಪ: ನೀವು ನಗ್ರಿ. ಕೊಕ್ಕರೆ ರೋಗ ಅಂತ ಒಂದೈತಿ. ಅದು ಬಂದ್ರ ಹಿತ್ತಲ ಹಿತ್ತಲಾನ ಖಾಲಿ ಮಾಡತೈತಂತ.

ಫಕ್ಕೀರವ್ವ: ಕೊಕ್ಕರಿಗೆ ಬಂದ್ರ ಮಾಗಡಿ ಕೆರಿಗೆ ಹೋಗಿ ಹೇಳ್ರಿ. ನಮ್ಮಲ್ಲಿ ಇರೂವು ಕೋಳಿ.

ಮುದಕಪ್ಪ: ಕೊಕ್ಕರಿಗಲ್ರಿ. ಕೋಳಿಗೆ ಬರೂ ರೋಗಕ್ಕನ ಆ ಹೆಸರು.

ಫಕ್ಕೀರವ್ವ: ಯಾಕ? ಕೋಳಿಗೆ ಬಂದದ್ದಕ್ಕ ಕೊಕ್ಕರಿ ಹೆಸರು ಯಾಕ ಕೆಡಿಸಬೇಕು?

ಮುದಕಪ್ಪ: ಅದನ್ನ... ಅದನ್ನ ಅದರಾಗ ಬರದಿಲ್ಲ.

ಫಕ್ಕೀರವ್ವ ಮೊರದಲ್ಲಿದ್ದ ಜೋಳವನ್ನು ಒಮ್ಮೆ ಕೇರಿ, ಹೊಟ್ಟನ್ನು ಅವನಿದ್ದ ಕಡೆಗೇ ಹಾರಿಸಿದಳು. ಬೇಕೆಂದು ಹಾರಿಸಿದಳೋ ಗಾಳಿ ಒಯ್ಯಿತೋ ಹೇಳುವುದು ಕಷ್ಟ.

ಫಕ್ಕೀರವ್ವ: ಆತು. ಜಡ್ಡ ಐತಿ ಅಂತೀರಿ ಹೌದಲ್ಲೋ? ನಮ್ಮ ಕಡೆ ಜಡ್ಡ ಬಿದ್ದ ಕೋಳಿಗೆ ಒಂದ ದವಾ. ಅದು ಸಾಯೂಕಿಂತ ಮೊದಲ ಖಾರಾ ಅರೀಬೇಕು.

ಮುದಕಪ್ಪ: ಛೆ ಛೆ. ಕೊಯ್ಯೂವಷ್ಟು ಜಡ್ಡಲ್ರಿ.

ಫಕ್ಕೀರವ್ವ: ಮತ್ತ ಎಷ್ಟು ಜಡ್ಡ?

ಮುದಕಪ್ಪ: ಒಂದೀಟು. ಯಾರರೆ ದಿನಾ ಬಂದು ನೋಡಬೇಕಾದಷ್ಟು.

ಫಕ್ಕೀರವ್ವ: ಒಂದೀಟು ಕಮ್ಮಿ ಆದ್ರ?

ಮುದಕಪ್ಪ: ಆರಾಮ ಆಗತೈತಿ.

ಫಕ್ಕೀರವ್ವ: ಒಂದೀಟು ಹೆಚ್ಚಾದ್ರ?

ಮುದಕಪ್ಪ: ಹೆಚ್ಚಾಗೂದಿಲ್ಲ. ನಾ ಬರತೇನಲ್ಲ. ಮತ್ತ ಇನ್ನೊಂದು. ಜಡ್ಡ ಬಿದ್ದ ಕೋಳಿನ್ನ ಕೊಯ್ದು ತಿನ್ನಬಾರದು ಅಂತನೂ ಓದೇನಿ. ಅದು ಮಾತ್ರ ಚ್ಯಾಷ್ಟಿಯಲ್ಲ.

ಇದು ದಿನಾ ಅವನು ತೂಗುವ ತೂಕ. ಜಡ್ಡು ಜಾಸ್ತಿಯಾದರೆ ಕೋಳಿ ಗಡಿಗೆಗೆ ಹೋಗುತ್ತದೆ. ಕಡಿಮೆಯಾದರೆ ಮುದಕಪ್ಪ ಮನೆಗೆ ಹೋಗಬೇಕಾಗುತ್ತದೆ. ತಕ್ಕಡಿಯ ಮುಳ್ಳು ನಟ್ಟನಡುವೆ ನಿಂತರೆ ಮಾತ್ರ ಈ ಬೇವಿನ ನೆರಳು.

ಫಕ್ಕೀರವ್ವ: ಅದಕ್ಕ ನಾ ಒಂದು ವಿಚಾರ ಮಾಡೇನಿ ಸಾವಕಾರ್ರ. ಕೊಯ್ಯೂದೂ ಬ್ಯಾಡ, ದಿನಾ ನೋಡೂದೂ ಬ್ಯಾಡ. ಅತಾವುಲ್ಲಾಗ ಹೇಳಿ ಕಳಿಸೇನಿ. ಈಗ ಬರತಾನ. ಎಲ್ಲಾನೂ ಒಯ್ಯಲಿ.

ಮುದಕಪ್ಪ: ಯಾವ ಅತಾವುಲ್ಲಾ?

ಫಕ್ಕೀರವ್ವ: ಕೋಳಿ ವ್ಯಾಪಾರ ಮಾಡತಾನಲ್ಲ, ಶಿರಹಟ್ಟ್ಯಾಂವ.

ಮುದಕಪ್ಪ: ಎಲ್ಲಾನೂ ಅಂದ್ರ?

ಫಕ್ಕೀರವ್ವ: ಎಲ್ಲಾನೂ ಅಂದ್ರ ಎಲ್ಲಾನೂ. ಒಂದು ಇಟ್ಕೊಂಡ್ರ ಅದಕ್ಕೂ ನೀವು ಒಂದು ಹೆಸರು ತರತೀರಿ.

ಕೋಳಿ ಹೋದರೆ ಈ ಹಿತ್ತಿಲಿಗೆ ಬರುವ ದಾರಿಯೂ ಅದೇ ಬುಟ್ಟಿಯಲ್ಲಿ ಹೋಗುತ್ತದೆ. ನಾಳೆ ಸಂಜೆ ಎಲ್ಲಿಗೆ ಹೋಗುವುದು? ಮುದಕಪ್ಪ ಒಂದು ಹೆಜ್ಜೆ ಮುಂದೆ ಬಂದ. ದನಿ ಬದಲಾಯಿಸಿದ. ದರ ಬಿದ್ದ ದಿನ ರೈತನೆದುರು ಮಾತು ತಿರುಗಿಸುವುದು ಅವನಿಗೆ ಹೊಸದೇನಲ್ಲ.

ಮುದಕಪ್ಪ: ಇಷ್ಟು ಚಲೋ ಕೋಳಿ. ಯಾಕ ಮಾರತೀರಿ?

ಫಕ್ಕೀರವ್ವ: ಯಾವಾಗ ಚಲೋ ಆದುವು?

ಮುದಕಪ್ಪ: ಮೊದಲಿಂದನೂ ಚಲೋ ಅದಾವಲ್ಲ.

ಫಕ್ಕೀರವ್ವ: ಕರೀದು ತೇಕಾಕತ್ತಿತ್ತು.

ಮುದಕಪ್ಪ: ಬಿಸಲಿಗೆ. ಅದಕ್ಕ ಬೆವರಿಲ್ಲ. ಬಾಯಿಲೆ ಬೆವರತೈತಿ.

ಫಕ್ಕೀರವ್ವ: ಇದನ್ನ ಯಾರ ಹೇಳಿದ್ರು ನಿಮಗ?

ಮುದಕಪ್ಪ: ತಿಳದವರು ಹೇಳ್ಯಾರ.

ಫಕ್ಕೀರವ್ವ: ಬಿಳೀದರ ಬೋಳು ಕುತಗಿ?

ಮುದಕಪ್ಪ: ಅರಿವಿ ಬದಲಿ ಮಾಡಾಕತ್ತೈತಿ. ಹೆಣ್ಣುಮಕ್ಕಳು ಅಂದಮ್ಯಾಲೆ ವರ್ಷಕ್ಕೊಮ್ಮೆ ಹೊಸಾ ಸೀರಿ ಬ್ಯಾಡೇನು?

ಫಕ್ಕೀರವ್ವ: ಕಲ್ಲು?

ಮುದಕಪ್ಪ: ಬೀಸೂ ಕಲ್ಲು.

ಫಕ್ಕೀರವ್ವ: ಫಿಟ್ಸ್?

ಮುದಕಪ್ಪ: ಜಳಕ.

ಫಕ್ಕೀರವ್ವ: ಮೊಬೈಲ್ ಏನಂತೈತಿ?

ಮುದಕಪ್ಪ: ಮೊಬೈಲ್‌ಗೇನ ತಿಳೀತೈತ್ರಿ? ಅದು ಯಾವಾಗ ಕೋಳಿ ಸಾಕೇತಿ?

ಅಷ್ಟರಲ್ಲಿ ಬೇಲಿಯಾಚೆ ಮೋಟರ್‌ಸೈಕಲ್ ನಿಂತಿತು. ಎರಡೂ ಕಡೆ ದೊಡ್ಡ ಬುಟ್ಟಿಗಳನ್ನು ಇಳಿಬಿಟ್ಟಿದ್ದ ಆ ಗಾಡಿಯಿಂದ ಅತಾವುಲ್ಲಾ ಇಳಿದ. ಲಕ್ಷ್ಮೇಶ್ವರದ ಸಂತೆಯಿಂದ ಹುಲಕೋಟಿಯ ತನಕ ಅವನಿಗೆ ಗೊತ್ತಿಲ್ಲದ ಹಿತ್ತಿಲಿಲ್ಲ. ಒಂದು ಬುಟ್ಟಿಯಲ್ಲಿ ಆಗಲೇ ಕೊಂಡ ಕೋಳಿಗಳು ಗೊಣಗುತ್ತಿದ್ದವು.

ಅತಾವುಲ್ಲಾ: ಸಲಾಮ್ರಿ ಸಾವಕಾರ್ರ. ಕಡ್ಲಿ ಬಿಟ್ಟು ಕೋಳಿ ವ್ಯಾಪಾರಕ್ಕ ಇಳದ್ರೇನು?

ಮುದಕಪ್ಪ: ಇಲ್ಲೋ ಮಾರಾಯ. ಸುಮ್ಮ ಬಂದೇನಿ.

ಫಕ್ಕೀರವ್ವ: ಸುಮ್ಮ ಬಂದಿಲ್ಲ. ದಾಕ್ಟರ್ ಆಗಿ ಬಂದಾರ. ನೀ ಕುಂಡ್ರೋ ಅತಾವುಲ್ಲಾ, ನೀರು ತರತೀನಿ.

ಅವಳು ಒಳಗೆ ಹೋದದ್ದೇ ತಡ, ಮುದಕಪ್ಪ ಅತಾವುಲ್ಲಾನ ಹತ್ತಿರ ಸರಿದು ದನಿ ತಗ್ಗಿಸಿದ.

ಮುದಕಪ್ಪ: ಏನೂ ತಗೋಬ್ಯಾಡ. ಇವು ಜಡ್ಡ ಅದಾವ.

ಅತಾವುಲ್ಲಾ: ಯಾವ್ಯಾವು?

ಮುದಕಪ್ಪ: ಎಲ್ಲಾ.

ಅತಾವುಲ್ಲಾ: ಏನ ಜಡ್ಡ?

ಮುದಕಪ್ಪ: ಕರೀದಕ್ಕ ಉಸರು. ಬಿಳೀದಕ್ಕ ಚರ್ಮ. ಒಂದಕ್ಕ ಬುದ್ಧಿ ಕೆಟ್ಟೈತಿ. ಇನ್ನೊಂದಕ್ಕ ಮೊನ್ನಿ ಫಿಟ್ಸ್ ಬಂದಿತ್ತು, ನಾನ ಕೈಯಾರೆ ಕಬ್ಬಿಣ ಹಿಡಿಸೇನಿ.

ಅತಾವುಲ್ಲಾ: ಸಾವಕಾರ್ರ, ನೀವು ನನ್ನ ಕೆಲಸಕ್ಕ ಕಲ್ಲು ಹಾಕಾಕತ್ತೀರಿ. ಮಾಲಿನ್ಯಾಗ ಐಬು ತಗಿಯೂದು ಕೊಳ್ಳಾವನ ಕೆಲಸ. ಮಾರೋರ ಕಡಿಯವರ ನಿಂತು ಇಷ್ಟು ಐಬು ಹೇಳಿದ್ರ ನಾ ಏನ ಹೇಳಲಿ? 'ಹಂಗೇನಿಲ್ರಿ, ಚಲೋ ಅದಾವ' ಅನಬೇಕಾಗತೈತಿ. ದರ ಏರತೈತಿ.

ಹಿಂದಿನಿಂದ ತಂಬಿಗೆ ಸದ್ದಾಯಿತು. ಫಕ್ಕೀರವ್ವ ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ.

ಫಕ್ಕೀರವ್ವ: ನನ್ನ ಮುಂದ ಚಲೋ. ಅವನ ಮುಂದ ಜಡ್ಡ. ಕೊಳ್ಳಾಕ ಒಂದು ಕಲ್ಲು, ಮಾರಾಕ ಒಂದು ಕಲ್ಲು ಇಟ್ಟು ತೂಗಾಕ ಯಾವಾಗಿಂದ ಕಲತ್ರಿ ಸಾವಕಾರ್ರ?

ಈ ಮಾತು ಮುದಕಪ್ಪನಿಗೆ ನಟ್ಟಿತು. ಪೇಟೆಯಲ್ಲಿ ಅವನ ಮೇಲೆ ಏನೇನೋ ಮಾತು ಇದ್ದವು, ತೂಕದ ಮಾತು ಮಾತ್ರ ಇರಲಿಲ್ಲ. ಅವನು ಬೇವಿನ ಬೊಡ್ಡೆಗೆ ಒರಗಿ ನಿಂತ. ಅತಾವುಲ್ಲಾ ನೀರು ಕುಡಿದು, ಖಾಲಿ ಬುಟ್ಟಿ ಇಳಿಸಿ, ಹಿಡಿ ಜೋಳವನ್ನು ಅಂಗಳಕ್ಕೆ ಚೆಲ್ಲಿ ಬೊಬೊಬೊ ಎಂದು ಕರೆದ. ಕಾಳಿಗೆ ಬಂದ ಕೋಳಿಯನ್ನು ಹಿಡಿಯುವುದು ಸುಲಭ.

ಎಲ್ಲ ದಿಕ್ಕಿನಿಂದ ಕೋಳಿಗಳು ಓಡಿಬಂದವು. ಎಲ್ಲಕ್ಕಿಂತ ಮುಂದೆ ಕೆಂಪಿ. ಹುಚ್ಚಪ್ಪ ಮರಿಯಿಂದ ಬೆಳೆಸಿದ್ದ ಕೆಂಪು ಹೇಂಟೆ ಅದು. ಅದರ ಮೇಲೆ ಮುದಕಪ್ಪ ಇಷ್ಟು ದಿನದಲ್ಲಿ ಒಂದು ರೋಗವನ್ನೂ ಹೊರಿಸಿರಲಿಲ್ಲ. ಹೊರಿಸಲು ಏನೂ ಸಿಕ್ಕಿರಲಿಲ್ಲ.

ಮುದಕಪ್ಪನಿಗೆ ಕೋಳಿ ನೋಡಲು ಬಾರದು. ಕಾಳು ನೋಡಲು ಬರುತ್ತದೆ. ಅವನು ಅಭ್ಯಾಸಬಲದಿಂದ ಕಾಳನ್ನೇ ನೋಡುತ್ತ ನಿಂತ. ಕರಿಯದರ ಮುಂದಿನ ಜೋಳ ಕರಗಿತು. ಬಿಳಿಯದರ ಮುಂದಿನದೂ ಕರಗಿತು. ಕೆಂಪಿಯ ಮುಂದಿನ ಜೋಳ ಅಲ್ಲೇ ಇತ್ತು. ಕೊಕ್ಕು ಟಕಟಕ ಏಳುತ್ತಿತ್ತು, ಬೀಳುತ್ತಿತ್ತು. ಕಾಳು ಅತ್ತಿಂದಿತ್ತ ಹೊರಳಿತೇ ಹೊರತು ಕಡಿಮೆಯಾಗಲಿಲ್ಲ.

ಮುದಕಪ್ಪ: ಕೆಂಪಿಗೆ ಜಡ್ಡ ಐತಿ.

ಅತಾವುಲ್ಲಾ: ಹ್ಞೂಂರಿ, ಎಲ್ಲಾಕ್ಕೂ ಐತಿ. ಒಂದೀಟು ಆಕಡೆ ಸರೀರಿ.

ಮುದಕಪ್ಪ: ಇಲ್ಲೋ, ಇದಕ್ಕ ಖರೇನ ಐತಿ.

ಫಕ್ಕೀರವ್ವ: ಅಂದ್ರ ಉಳದಾವಕ್ಕ ಸುಳ್ಳ ಇತ್ತೇನು?

ಮುದಕಪ್ಪ: ಉಳದಾವಕ್ಕ ಸುಳ್ಳ ಇತ್ತು. ಇದಕ್ಕ ಖರೇ ಐತಿ. ನನ್ನ ಬೈರಿ ಬೇಕಾದ್ರ, ಆದ್ರ ಇದನ್ನ ನೋಡ್ರಿ.

ಫಕ್ಕೀರವ್ವ: ಏನ ನೋಡೂದು? ಎಲ್ಲಾಕಿಂತ ಮೊದಲ ಓಡಿ ಬಂತು.

ಮುದಕಪ್ಪ: ಬಂತು. ತಿನ್ನಲಿಲ್ಲ.

ಫಕ್ಕೀರವ್ವ: ಕುಟಕಾಕತ್ತೈತೆಲ್ಲ.

ಮುದಕಪ್ಪ: ಕುಟಕತೈತಿ. ನುಂಗೂದಿಲ್ಲ. ಮಂದಿ ನೋಡಾಕತ್ತಾರ ಅಂತ ಕುಟಕತೈತಿ.

ಹುಚ್ಚಪ್ಪ ಕೊನೆಕೊನೆಗೆ ಹೀಗೇ ಮಾಡುತ್ತಿದ್ದ. ಕರೆದ ಕೂಡಲೇ ಎಲ್ಲರಿಗಿಂತ ಮೊದಲು ಬಂದು ತಟ್ಟೆಯ ಮುಂದೆ ಕೂರುವನು. ರೊಟ್ಟಿ ಮುರಿಯುವನು, ಪಲ್ಯದಲ್ಲಿ ಅದ್ದುವನು, ಅದ್ದಿದ್ದನ್ನು ತಟ್ಟೆಯ ಅಂಚಿಗೆ ಸರಿಸಿ ಇನ್ನೊಂದು ಚೂರು ಮುರಿಯುವನು. ಜೊತೆಗೆ ಏನಾದರೂ ನಗಿಸುವ ಮಾತು ಹೇಳುವನು. ನಕ್ಕವರು ತಟ್ಟೆ ನೋಡುತ್ತಿರಲಿಲ್ಲ. ಇದು ಫಕ್ಕೀರವ್ವನಿಗೂ ಗೊತ್ತಿತ್ತು, ಮುದಕಪ್ಪನಿಗೂ ಗೊತ್ತಿತ್ತು. ಇಬ್ಬರೂ ಇದನ್ನು ಒಬ್ಬರಿಗೊಬ್ಬರು ಹೇಳಿರಲಿಲ್ಲ.

ಫಕ್ಕೀರವ್ವ: ಅತಾವುಲ್ಲಾ, ಅದನ್ನ ಹಿಡದು ನೋಡಪಾ.

ಅತಾವುಲ್ಲಾ ಕೆಂಪಿಯನ್ನು ಹಿಡಿದ. ಹಿಡಿಯಲು ಓಡಬೇಕಾಗಲಿಲ್ಲ. ಅದೇ ಅವನ ಹುಬ್ಬು ಗಂಟಿಕ್ಕುವಂತೆ ಮಾಡಿತು. ಎದೆಯ ಮೇಲೆ ಬೆರಳಾಡಿಸಿದ. ಬೆನ್ನಿಗೆ ಕಿವಿ ಇಟ್ಟು ಕೇಳಿದ.

ಅತಾವುಲ್ಲಾ: ಒಳಗ ಗೊರಗೊರ ಅನ್ನಾಕತ್ತೈತಿ. ಎದಿ ಎಲವು ಚಾಕುವಿನಂಗ ಕೈಗೆ ಹತ್ತತೈತಿ. ಪುಕ್ಕ ಉಬ್ಬಿಸಿ ನಿಂತದ್ದಕ್ಕ ಮ್ಯಾಲೆ ದುಂಡಗ ಕಾಣತಿತ್ತು. ತಲಿಮ್ಯಾಗಿನ ತುರಾಯಿ ತುದಿ ನೋಡ್ರಿ, ಕಪ್ಪಾಗೇತಿ. ಅಕ್ಕಾರ, ಇದು ಇವತ್ತಿಂದಲ್ಲ.

ಫಕ್ಕೀರವ್ವ: ದಿನಾ ನೋಡತೀನಲ್ಲೋ ನಾನು.

ಅತಾವುಲ್ಲಾ: ನಾನೂ ಇದನ್ನ ಬುಟ್ಟ್ಯಾಗ ಹಾಕತಿದ್ದೆ. ಹಕ್ಕಿ ಜಾತಿ ಹಂಗ. ಕೈಲಾಗತನಕ ತೋರಗೊಡೂದಿಲ್ಲ.

ಮುದಕಪ್ಪ: ಏನ ರೋಗ? ಕೊಕ್ಕರೆ?

ಅತಾವುಲ್ಲಾ: ಬೆನ್ನಿಗೆ ಕಿವಿ ಇಟ್ಟು ರೋಗದ ಹೆಸರು ಹೇಳಾಕ ನಾ ಯಾವ ದೇವರು? ಶೀತಾನೂ ಇರಬಹುದು, ದೊಡ್ಡದೂ ಇರಬಹುದು. ದನದ ದವಾಖಾನಿ ಹೇಮಪ್ಪಗ ಕೇಳೂಣು.

ಫೋನಿನಲ್ಲಿ ಹೇಮಪ್ಪನ ದನಿ ಹಿತ್ತಿಲಿಗೆಲ್ಲ ಕೇಳುವಷ್ಟು ದೊಡ್ಡದಿತ್ತು. ಆ ಕೋಳಿಯನ್ನು ಬೇರೆ ಬುಟ್ಟಿಯ ಕೆಳಗೆ ಇಡಬೇಕು. ಅದರ ನೀರಿನ ಬಟ್ಟಲು ಬೇರೆ ಇರಬೇಕು. ಮೊದಲು ಚೆನ್ನಾಗಿರುವವುಗಳಿಗೆ ಕಾಳು ಹಾಕಿ, ಕೊನೆಗೆ ಇದರ ಹತ್ತಿರ ಹೋಗಿ, ಕೈಕಾಲು ತೊಳೆಯಬೇಕು. ಕೊಯ್ಯಬಾರದು, ಮಾರಬಾರದು. ಒಂದನ್ನೂ ಹಿತ್ತಿಲಿನಿಂದ ಹೊರಗೆ ಬಿಡಬಾರದು. ನಾಳೆ ತಾನೇ ಬಂದು ನೋಡುವುದಾಗಿ ಹೇಳಿದ. ಅಲ್ಲಿಯವರೆಗೆ ಯಾರಾದರೂ ಹೊತ್ತುಹೊತ್ತಿಗೆ ಅದು ನೀರು ಕುಡಿಯುತ್ತಿದೆಯೋ ಇಲ್ಲವೋ ನೋಡುತ್ತಿರಬೇಕು.

ಫಕ್ಕೀರವ್ವ: ಮುಂಜಾನಿ ನಾ ಶಾಲಿ ಅಡಗಿಗೆ ಹೋಗಬೇಕು. ಹೊತ್ತುಹೊತ್ತಿಗೆ ಯಾರ ನೋಡತಾರ?

ಅತಾವುಲ್ಲಾ ಮುದಕಪ್ಪನ ಕಡೆಗೆ ನೋಡಿದ. ಕರಿಯ ಕೋಳಿಯೂ ಅತ್ತಲೇ ನೋಡಿತು.

ಅತಾವುಲ್ಲಾ: ಖಾಲಿ ಬುಟ್ಟಿ ಖಾಲೀನ ಕಟಗೊಂಡು ಹೊಂಟೇನಿ. ಸಾವಕಾರ್ರ, ನೀವು ಮಾತ್ರ ಈ ವ್ಯಾಪಾರಕ್ಕ ಬರಬ್ಯಾಡ್ರಿ. ನಮ್ಮ ಹೊಟ್ಟಿ ಮ್ಯಾಲೆ ಕಲ್ಲು ಹಾಕಿದಂಗಾಗತೈತಿ.

ಅವನು ಕೈ ತೊಳೆದುಕೊಂಡು, ಚಪ್ಪಲಿಗೂ ನೀರು ಹಾಕಿಕೊಂಡು ಹೋದ. ಹೋಗುವ ಮುನ್ನ ಕೆಂಪಿಯನ್ನು ಹತ್ತಿರ ನಿಂತಿದ್ದವನ ಕೈಗೆ ಕೊಟ್ಟಿದ್ದ. ಹತ್ತಿರ ನಿಂತಿದ್ದವನು ಮುದಕಪ್ಪ. ಹುಟ್ಟಿದಾಗಿನಿಂದ ಕೋಳಿಯನ್ನು ಎತ್ತಿಕೊಳ್ಳದ ಆ ಕೈಗಳು ಬಿಡಲೂ ಬಾರದೆ ಹಿಡಿಯಲೂ ಬಾರದೆ, ಕೊನೆಗೆ ಮೊಮ್ಮಗನನ್ನು ಹಿಡಿದಂತೆ ಎದೆಗೆ ಹಿಡಿದುಕೊಂಡವು.

ಮುದಕಪ್ಪ: ಎಷ್ಟು ಹಗುರ ಐತ್ರಿ ಇದು.

ಫಕ್ಕೀರವ್ವ: ಕ್ವಿಂಟಲ್ ಲೆಕ್ಕದವರಿಗೆ ಹಂಗ ಅನಸತೈತಿ. ಮೆಲ್ಲಕ ಇಳಸ್ರಿ. ಹೂಂ. ಈಗ ಬುಟ್ಟಿ ಮುಚ್ಚರಿ. ಮನ್ಯಾಗ ಸುಮಿತ್ರವ್ವಾರಿಗೆ ಏನ ಹೇಳತೀರಿ?

ಮುದಕಪ್ಪ: ಜಳಕ ಮಾಡಿ ಹೇಳತೀನಿ.

ನೀರಿನ ಬಾನಿಯ ಹತ್ತಿರ ಕೈಕಾಲು ತೊಳೆಯುವಾಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬರಲು ಒಂದು ಕಾರಣ ಬೇಕೆಂದು ಬಯಸಿದ್ದ. ಕಾರಣ ಸಿಕ್ಕಿತ್ತು. ಅದು ಬುಟ್ಟಿಯ ಕೆಳಗೆ ಕಣ್ಣು ಮುಚ್ಚಿ ಕೂತಿತ್ತು.

ಫಕ್ಕೀರವ್ವ: ಯಾಕ ಮಾರಾಕ ಹೊಂಟಿದ್ದೆ ಅಂತ ಕೇಳಲೇ ಇಲ್ಲ ನೀವು.

ಮುದಕಪ್ಪ: ಯಾಕ?

ಫಕ್ಕೀರವ್ವ: ನಿಮ್ಮ ಸಲುವಾಗಿ.

ಮುದಕಪ್ಪ: ನಾ ಮಾರ್ರಿ ಅಂತ ಯಾವಾಗ ಅಂದೆ?

ಫಕ್ಕೀರವ್ವ: ಅವರು ಹೋಗೂ ಮುಂದ ನಿಮ್ಮ ಕಡಿಂದ ಭಾಷಿ ತಗೊಂಡಾರ ಅಂತ ತಿಳದಿದ್ದೆ. 'ನನ್ನ ಕೋಳಿ ನೋಡಕೋ ಮುದ್ಯಾ' ಅಂತ. ಮೂಗಿಗೆ ವಸ್ತ್ರ ಹಿಡಕೊಂಡು, ಅಂಜಕೋತ ದೂರ ನಿಂತು, ಈ ಬಿಸಲಾಗ ದಿನಾ ಬರತೀರಿ. ಕೋಳಿ ಹೋದ್ರ ಭಾಷಿನೂ ಹರೀತೈತಿ, ಪಾಪ ಮನ್ಯಾಗ ಆರಾಮ ಕುಂಡ್ರತಾರ ಅಂತ ಮಾಡಿದ್ದೆ.

ಮುದಕಪ್ಪ: ಅಂವ ಕೋಳಿ ಸುದ್ದೀನ ತಗೀಲಿಲ್ಲ.

ಫಕ್ಕೀರವ್ವ: ಮತ್ತ ಏನಂದ್ರು?

ಮುದಕಪ್ಪ: 'ಚಾ ಆರೇತಿ, ಬಿಸಿ ಮಾಡಿಸ್ಕೊಂಡ ಬಾ' ಅಂದ. ನಾ ಗದಗ ದವಾಖಾನಿ ಕೆಳಗ ಇಳದು ಚಾ ತಗೊಂಡು ಬರೂದರಾಗ...

ಮುಂದಿನದು ಅವಳಿಗೂ ಗೊತ್ತಿತ್ತು. ಅವಳು ಮೊರದ ಕಡೆ ನೋಡುತ್ತ ಕೇಳಿದಳು.

ಫಕ್ಕೀರವ್ವ: ಆ ಚಾ ಏನ ಮಾಡಿದ್ರಿ?

ಮುದಕಪ್ಪ: ಕುಡದೆ. ಚೆಲ್ಲಾಕ ಮನಸಾಗಲಿಲ್ಲ.

ಫಕ್ಕೀರವ್ವ: ಹೆಂಗಿತ್ತು?

ಮುದಕಪ್ಪ: ಸಕ್ಕರಿ ಭಾಳ ಆಗಿತ್ತು. ಅಂವ ಇದ್ದಿದ್ರ ಬೈತಿದ್ದ.

ಇಬ್ಬರೂ ಒಂದಿಷ್ಟು ನಕ್ಕರು. ಬುಟ್ಟಿಯ ಕೆಳಗೆ ಕೆಂಪಿ ಒಮ್ಮೆ ಮಿಸುಕಿ, ಬಟ್ಟಲಿಗೆ ಕೊಕ್ಕು ಅದ್ದಿ, ತಲೆ ಎತ್ತಿತು. ಈ ಸಲ ಗಂಟಲು ಅಲುಗಿತು. ಇಬ್ಬರೂ ಅದನ್ನು ನೋಡಿದರು.

ಫಕ್ಕೀರವ್ವ: ಭಾಷಿ ಇಲ್ಲ ಅಂದಮ್ಯಾಲೆ ದಿನಾ ಯಾಕ ಬರತಿದ್ರಿ?

ಮುದಕಪ್ಪ: ಮನ್ಯಾಗ ನನಗ ಊಟ ಸೇರೂದಿಲ್ರಿ. ಒಂದ ಮೂಲಿ ಹಿಡದು ಕುಂಡ್ರತೀನಿ. ಯಾರ ಕರದ್ರೂ ಏಳೂ ಮನಸಾಗೂದಿಲ್ಲ. ಇಲ್ಲಿ ಬಂದ್ರ ಒಂದೀಟು... ಏನೋ. ಮಾತರೆ ಬರತೈತಿ.

ಫಕ್ಕೀರವ್ವ: ಇದನ್ನ ಮೊದಲನೇ ದಿನಾನ ಹೇಳಬಾರದೇನ್ರಿ? ಊಟ ಇಲ್ಲ, ಮೂಲಿ ಹಿಡದು ಕುಂಡ್ರೂದು, ಕರದ್ರ ಏಳೂದಿಲ್ಲ. ಇಷ್ಟು ಲಕ್ಷಣ ಇದ್ದಾವು ಅಂದ್ರ ಕೋಳಿ ಬಿಟ್ಟು ನಿಮ್ಮನ್ನ ಬುಟ್ಟಿ ಕೆಳಗ ಇಡತಿದ್ದೆ.

ಮುದಕಪ್ಪ: ನಾ ಹಿಡಿಸೂವಷ್ಟು ದೊಡ್ಡ ಬುಟ್ಟಿ ಎಲ್ಲಿಂದ ತರತಿದ್ರಿ?

ಫಕ್ಕೀರವ್ವ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನೋಟ ಧೋತರದ ಗಂಟಿನ ಮೇಲೆ ಮುಂದೆ ಬಂದಿದ್ದ ಹೊಟ್ಟೆಯ ಹತ್ತಿರ ಬಂದು ನಿಂತಿತು.

ಫಕ್ಕೀರವ್ವ: ಊಟ ಸೇರೂದಿಲ್ಲ ಅಂತೀರಿ. ಬುಟ್ಟ್ಯಾಗ ಹಿಡಿಸೂದಿಲ್ಲ ಅಂತೀರಿ. ಎರಡರಾಗ ಒಂದು ಸುಳ್ಳ ಐತಿ ಸಾವಕಾರ್ರ.